ಡಿಯರ್‌ಬಾರ್ನ್‌ನ ಆಲಿಗೇನಿ ಎಂಜಿನ್: ಹಿಂದಿನಿಂದ ನೋಡಲು ಆರಂಭಿಸಬೇಕಾದ ಯಂತ್ರ

ಡೆಟ್ರಾಯಿಟ್ ಸುತ್ತಮುತ್ತಲಿನ ಕ್ಯಾಂಟನ್, ನೋವೈ ಮೊದಲಾದ ಊರುಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗೆ ಊರಿನಿಂದ ಅಪ್ಪ, ಅಮ್ಮ ಬಂದಾಗ ತೋರಿಸಲೇಬೇಕಾದ ಸ್ಥಳಗಳಲ್ಲಿ ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯಕ್ಕೆ ಮೊದಲ ಸಾಲಿನ ಜಾಗವಿದೆ. ರೋಸಾ ಪಾರ್ಕ್ಸ್ ಸೀಟು ಬಿಟ್ಟೇಳಲು ಒಪ್ಪದೆ ಕುಳಿತಿದ್ದ ಬಸ್ಸು, ಅಧ್ಯಕ್ಷ ಕೆನಡಿ ಕೊನೆಯ ಬಾರಿ ಪ್ರಯಾಣಿಸಿದ ಕಾರು, ಲಿಂಕನ್ ಗುಂಡೇಟು ತಿಂದಾಗ ಕುಳಿತಿದ್ದ ಕುರ್ಚಿ, ಇವುಗಳನ್ನು ನೋಡಿ ಮುಗಿಸಿದ ಮೇಲೆ ಸಭಾಂಗಣದ ಒಂದು ಭಾಗವನ್ನೇ ಆವರಿಸಿ ನಿಂತಿರುವ ಕಪ್ಪು ಉಗಿ ಎಂಜಿನ್ನಿನ ಮುಂದೆ ಒಂದು ಫೋಟೋ ತೆಗೆಸಿಕೊಂಡು ಹೊರಡುವುದು ಬಹುತೇಕರ ವಾಡಿಕೆ. ಈ ವಿಮರ್ಶೆ ಆ ಎಂಜಿನ್ ಒಂದಕ್ಕೇ ಮೀಸಲು. ಚೆಸಪೀಕ್ ಅಂಡ್ ಓಹಾಯೊ ರೈಲ್ವೆಯ 1601ನೆಯ ಸಂಖ್ಯೆಯ ಈ ಯಂತ್ರಕ್ಕಾಗಿಯೇ ಟಿಕೆಟ್ ಕೊಳ್ಳಬಹುದೇ ಎಂದು ಯಾರಾದರೂ ಕೇಳಿದರೆ, ಧಾರಾಳವಾಗಿ ಕೊಳ್ಳಬಹುದು ಎಂಬುದೇ ನನ್ನ ಉತ್ತರ. ಆದರೆ ಆ ಕಾಲದ ಒಂದು ರೈಲ್ವೆ ಕಂಪನಿಯ ಖಜಾಂಚಿಯ ಕುರ್ಚಿಯಲ್ಲಿ ಕುಳಿತು, ಈ ಎಂಜಿನ್ನನ್ನು ಕೊಂಡದ್ದು ಸರಿಯಿತ್ತೇ ಎಂದು ಕೇಳಿಕೊಂಡರೆ ಉತ್ತರ ಅಷ್ಟು ಸಲೀಸಾಗಿ ಬರುವುದಿಲ್ಲ. ನೋಡುಗನ ಲಾಭ ಮತ್ತು ಕೊಂಡವನ ಲಾಭ ಇಲ್ಲಿ ಬೇರೆ ಬೇರೆಯಾಗಿರುವುದರಿಂದ ಎರಡನ್ನೂ ಪ್ರತ್ಯೇಕವಾಗಿಯೇ ತೂಗಬೇಕಾಗುತ್ತದೆ.

ಉಗಿ ಎಂಜಿನ್ನುಗಳನ್ನು ಗಾಲಿಗಳ ಎಣಿಕೆಯಿಂದ ಗುರುತಿಸುವ ಪದ್ಧತಿಯನ್ನು ಅಮೆರಿಕದ ಫ್ರೆಡರಿಕ್ ವೈಟ್ 1900ರ ಸುಮಾರಿಗೆ ರೂಢಿಗೆ ತಂದರು. ಮುಂದೆ ದಾರಿ ತೋರುವ ಗಾಲಿಗಳು, ನಡುವೆ ಪಿಸ್ಟನ್ನಿನ ಬಲದಿಂದ ತಿರುಗುವ ಚಾಲನಾ ಗಾಲಿಗಳು, ಹಿಂದೆ ಭಾರ ಹೊರುವ ಗಾಲಿಗಳು, ಈ ಕ್ರಮದಲ್ಲಿ ಎಣಿಸಬೇಕು. ನಮ್ಮ ದೇಶದ ಬ್ರಾಡ್‌ಗೇಜ್ ಎಕ್ಸ್‌ಪ್ರೆಸ್ ಗಾಡಿಗಳನ್ನು ಎಳೆಯುತ್ತಿದ್ದ, ಗುಂಡುಮೂತಿಯ ಡಬ್ಲ್ಯು.ಪಿ. ಎಂಜಿನ್ ಈ ಲೆಕ್ಕದಲ್ಲಿ 4-6-2. ಆಲಿಗೇನಿ ಎಂದು ಹೆಸರಾದ ಈ ಎಂಜಿನ್ 2-6-6-6. ಅಂದರೆ ಮುಂದೆ ಎರಡು ಗಾಲಿ, ಆಮೇಲೆ ಆರಾರರ ಎರಡು ಚಾಲನಾ ತಂಡ, ಹಿಂದೆ ಮತ್ತೆ ಆರು. ನಡುವಿನ ಎರಡು ತಂಡಗಳಿಗೆ ಬೇರೆ ಬೇರೆ ಚೌಕಟ್ಟು, ಬೇರೆ ಬೇರೆ ಸಿಲಿಂಡರ್ ಇದ್ದು, ಮುಂದಿನ ಚೌಕಟ್ಟು ಕೀಲಿನ ಮೇಲೆ ತಿರುಗುವುದರಿಂದ ಇದು ಆರ್ಟಿಕ್ಯುಲೇಟೆಡ್ ಎಂಜಿನ್ನುಗಳ ಸಾಲಿಗೆ ಸೇರುತ್ತದೆ. ಆ ಸಾಲಿನಲ್ಲಿ 2-6-6-2, 2-8-8-2 ಮುಂತಾದವು ಅಮೆರಿಕದಲ್ಲಿ ನೂರಾರು ಸಂಖ್ಯೆಯಲ್ಲಿದ್ದವು. 2-6-6-6 ಮಾತ್ರ ಇಡೀ ಲೋಕದಲ್ಲಿ ತಯಾರಾದದ್ದು 68. ಅವುಗಳಲ್ಲಿ 60 ಚೆಸಪೀಕ್ ಅಂಡ್ ಓಹಾಯೊ ಕಂಪನಿಗೆ, 8 ಅದರ ನೆರೆಯ ವರ್ಜಿನಿಯನ್ ರೈಲ್ವೆಗೆ ಹೋದವು. ಎಲ್ಲವನ್ನೂ 1941ರಿಂದ 1948ರ ನಡುವೆ ಓಹಾಯೊ ರಾಜ್ಯದ ಲೈಮಾ ಎಂಜಿನ್ ಕಾರ್ಖಾನೆಯೇ ಕಟ್ಟಿತು. ಇಂದು ಉಳಿದಿರುವುದು ಎರಡು. ಒಂದು ಇಲ್ಲಿನ 1601, ಇನ್ನೊಂದು ಬಾಲ್ಟಿಮೋರ್ ರೈಲು ಸಂಗ್ರಹಾಲಯದ 1604.

ಈ ಜೋಡಣೆಯನ್ನು ಅಪರೂಪವಾಗಿಸಿದ್ದು ಕೊನೆಯ ಅಂಕಿ. ಹಿಂದಿನ ಭಾರಕ್ಕೆ ಎರಡು ಗಾಲಿ ಸಾಮಾನ್ಯ, ನಾಲ್ಕು ದೊಡ್ಡಸ್ತಿಕೆಯ ಗುರುತು. ಆರು ಗಾಲಿ ಹಾಕಿದ ಭಾರಿ ಎಂಜಿನ್ನುಗಳೆಂದರೆ ಇವನ್ನು ಬಿಟ್ಟರೆ ಪೆನ್ಸಿಲ್ವೇನಿಯಾ ರೈಲ್ರೋಡಿನ ಎರಡು ಪ್ರಯೋಗಗಳು ಮಾತ್ರ: 1939ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಮೆರೆದ 6-4-4-6 ಒಂದು, 1944ರಲ್ಲಿ ಟರ್ಬೈನ್ ಜೋಡಿಸಿ ಕಟ್ಟಿದ 6-8-6 ಇನ್ನೊಂದು. ಎರಡೂ ಒಂದೊಂದೇ ತಯಾರಾಗಿ, ಎರಡೂ ಗುಜರಿ ಸೇರಿದವು. ಆದ್ದರಿಂದ ಡಿಯರ್‌ಬಾರ್ನ್‌ಗೆ ಹೋದವರು ಎಲ್ಲರೂ ಮುಗಿಬೀಳುವ ಮೂತಿಯ ಕಡೆಗೆ ಮೊದಲು ಹೋಗಬಾರದು ಎಂಬುದು ನನ್ನ ಸಲಹೆ. ಚಾಲಕ ಕೂರುವ ಕೋಣೆಯಾದ ಕ್ಯಾಬಿನ ಕೆಳಗೆ, ಕಲ್ಲಿದ್ದಲು, ನೀರು ಹೊತ್ತು ಹಿಂದೆ ಬರುವ ಟೆಂಡರಿಗೂ ಚಾಲನಾ ಗಾಲಿಗಳಿಗೂ ನಡುವೆ ನಿಂತು, ತುಸು ಬಗ್ಗಿ ಒಳಗೆ ನೋಡಬೇಕು.

ಅಲ್ಲಿ ಕಾಣುವುದು ಒಂದು ದಪ್ಪ ಉಕ್ಕಿನ ಚೌಕಟ್ಟು, ಅದರಲ್ಲಿ ಸಾಲಾಗಿ ಮೂರು ಅಚ್ಚು. ಚಾಲನಾ ಗಾಲಿಗಳಿಗೆ ಹೋಲಿಸಿದರೆ ಇವುಗಳ ಗಾಲಿಗಳು ಬಹಳ ಸಣ್ಣವು. ಅಲ್ಲಿಂದ ತಲೆಯೆತ್ತಿದರೆ ಫೈರ್‌ಬಾಕ್ಸಿನ, ಅಂದರೆ ಎಂಜಿನ್ನಿನ ಒಲೆಯ ತಳ ಮತ್ತು ಬೂದಿ ಬೀಳುವ ತೊಟ್ಟಿಗಳು ಕಾಣುತ್ತವೆ. ಕಲ್ಲಿದ್ದಲು ಉರಿಯುವ ಜಾಲರಿಯ ವಿಸ್ತೀರ್ಣ 135 ಚದರ ಅಡಿ. ಬೆಂಗಳೂರಿನ 30-40 ಸೈಟಿನ ಮನೆಯಲ್ಲಿ ಮಂಚ, ಬೀರು ಹಾಕಿ ಇನ್ನೂ ಓಡಾಡಲು ಜಾಗ ಉಳಿಯುವ ಮಲಗುವ ಕೋಣೆಯ ನೆಲ ಇದಕ್ಕಿಂತ ದೊಡ್ಡದೇನೂ ಇರುವುದಿಲ್ಲ. ಅಷ್ಟು ಅಗಲದ ಬೆಂಕಿಯನ್ನು ಎತ್ತರದ ಚಾಲನಾ ಗಾಲಿಗಳ ಮೇಲೆ ಕೂರಿಸಿದರೆ ಒಲೆಯ ಆಳ ಕಡಿಮೆಯಾಗುತ್ತದೆ, ಆಳವಿಲ್ಲದ ಒಲೆಯಲ್ಲಿ ಕಲ್ಲಿದ್ದಲಿನಿಂದ ಹೊರಟ ಅನಿಲ ಪೂರ್ತಿ ಉರಿಯುವ ಮೊದಲೇ ಕೊಳವೆಗಳ ಪಾಲಾಗುತ್ತದೆ. ಹಾಗಾಗಿ ಒಲೆಯನ್ನು ಚಾಲನಾ ಗಾಲಿಗಳ ಹಿಂದಕ್ಕೆ ಸರಿಸಿ ಕೆಳಕ್ಕೆ ಇಳಿಸಬೇಕು. ಹಿಂದಕ್ಕೆ ಸರಿದ ಆ ಭಾರವನ್ನು ಹಳಿಗೆ, ಸೇತುವೆಗೆ ಏಟಾಗದಂತೆ ಹಂಚಲು ಎರಡು ಅಚ್ಚು ಸಾಲದೆ ಮೂರನೆಯದು ಬೇಕಾಯಿತು. ಲೈಮಾ ಕಾರ್ಖಾನೆಯ ವಿಲಿಯಂ ವುಡರ್ಡ್ 1925ರಲ್ಲಿ 2-8-4 ಎಂಜಿನ್ನಿಗೆ 100 ಚದರ ಅಡಿಯ ಜಾಲರಿ ಕೊಟ್ಟು, ಹಿಂದೆ ನಾಲ್ಕು ಗಾಲಿ ಹಾಕಿ, ಎಂಜಿನ್ನಿನ ಯೋಗ್ಯತೆ ಸಿಲಿಂಡರಿನಲ್ಲಿಲ್ಲ, ಒಲೆಯಲ್ಲಿದೆ ಎಂಬ ವಿಚಾರವನ್ನು ಮಾಡಿ ತೋರಿಸಿದ್ದರು. ಆಲಿಗೇನಿ ಆ ವಿಚಾರದ ತುತ್ತತುದಿ. ಬಾಯ್ಲರಿನ ಮುಂಭಾಗದ ಭವ್ಯತೆಯನ್ನೆಲ್ಲ ದುಡಿದು ಸಾಕುತ್ತಿದ್ದದ್ದು ಈ ಕತ್ತಲೆಯ ಮೂಲೆಯ ಒಲೆ ಎಂಬುದು ಇಲ್ಲಿ ಬಗ್ಗಿ ನೋಡಿದವರಿಗೆ ಯಾರ ವಿವರಣೆಯೂ ಇಲ್ಲದೆ ತಿಳಿಯುತ್ತದೆ.

ಅಲ್ಲಿಂದ ಮುಂದಕ್ಕೆ ನಡೆಯುತ್ತ ಬಂದರೆ ಚಾಲನಾ ಗಾಲಿಗಳು. ಒಂದೊಂದರ ವ್ಯಾಸ 67 ಅಂಗುಲ, ಅಂದರೆ 5 ಅಡಿ 7 ಅಂಗುಲ. ಹಳಿಯ ಪಕ್ಕದಲ್ಲಿ ನಿಂತ ಸಾಮಾನ್ಯ ಎತ್ತರದ ಗಂಡಸಿನ ನೆತ್ತಿಗೂ ಗಾಲಿಯ ಮೇಲಂಚಿಗೂ ಹೆಚ್ಚು ವ್ಯತ್ಯಾಸವಿರುವುದಿಲ್ಲ. ಕುತೂಹಲದ ಸಂಗತಿಯೆಂದರೆ ನಮ್ಮ ಡಬ್ಲ್ಯು.ಪಿ. ಎಂಜಿನ್ನಿನ ಚಾಲನಾ ಗಾಲಿಯ ವ್ಯಾಸವೂ ಇಷ್ಟೇ. ಜನರನ್ನು ಹೊತ್ತು ವೇಗವಾಗಿ ಓಡಲೆಂದು ಭಾರತದಲ್ಲಿ ಆರಿಸಿಕೊಂಡ ಗಾಲಿಯನ್ನು ಇಲ್ಲಿ ಕಲ್ಲಿದ್ದಲು ಗೂಡ್ಸಿನ ಎಂಜಿನ್ನಿಗೆ ಹಾಕಿದ್ದಾರೆ. ಈ ಎಂಜಿನ್ನನ್ನು ಯೋಚಿಸಿದವರ ಮನಸ್ಸಿನಲ್ಲಿ ಇದ್ದದ್ದು ಏನು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಡ. ಮುಂದೆ ಬರುವ ನನ್ನ ತಕರಾರಿಗೂ ಇದೇ ಆಧಾರ.

ಎರಡು ಚಾಲನಾ ತಂಡಗಳ ನಡುವಿನ ಸಂದು ಎರಡನೆಯ ನಿಲುಗಡೆಗೆ ಯೋಗ್ಯವಾದ ಜಾಗ. ಹಿಂದಿನ ತಂಡದ ಚೌಕಟ್ಟು ಬಾಯ್ಲರಿಗೆ ಭದ್ರವಾಗಿ ಕಚ್ಚಿಕೊಂಡಿದೆ. ಮುಂದಿನದ್ದು ಹಾಗಲ್ಲ. ಅದು ಹಿಂದಿನ ಚೌಕಟ್ಟಿಗೆ ಒಂದು ಕೀಲಿನಿಂದ ಸೇರಿದ್ದು, ಬಾಯ್ಲರಿನ ಮುಂಭಾಗದ ಭಾರವನ್ನು ಜಾರುವ ಆಸನವೊಂದರ ಮೇಲೆ ಹೊತ್ತುಕೊಂಡು ಎಡಕ್ಕೂ ಬಲಕ್ಕೂ ಸರಿಯಬಲ್ಲದು. ತಿರುವಿನಲ್ಲಿ ಗಾಲಿಗಳು ಹಳಿಯ ಜೊತೆ ಬಾಗಿದರೆ ಬಾಯ್ಲರು ನೆಟ್ಟಗೆ ನಿಂತು ತಿರುವಿನ ಹೊರಬದಿಗೆ ಚಾಚಿಕೊಳ್ಳುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಅನಾತೋಲ್ ಮ್ಯಾಲೆ 1884ರಲ್ಲಿ ಹಕ್ಕುಪತ್ರ ಪಡೆದ ವ್ಯವಸ್ಥೆ ಇದು. ಆದರೆ ಮ್ಯಾಲೆಯ ಮೂಲ ಯೋಜನೆಯಲ್ಲಿ ಉಗಿ ಮೊದಲು ಹಿಂದಿನ ಸಣ್ಣ ಸಿಲಿಂಡರುಗಳಲ್ಲಿ ದುಡಿದು, ಒತ್ತಡ ತಗ್ಗಿದ ಮೇಲೆ ಮುಂದಿನ ದೊಡ್ಡ ಸಿಲಿಂಡರುಗಳಿಗೆ ಹೋಗುತ್ತಿತ್ತು. ಆಲಿಗೇನಿಯಲ್ಲಿ ನಾಲ್ಕೂ ಸಿಲಿಂಡರುಗಳು ಒಂದೇ ಅಳತೆಯವು, ನಾಲ್ಕಕ್ಕೂ ಬಾಯ್ಲರಿನ ತಾಜಾ ಉಗಿಯೇ ಸಿಗುತ್ತದೆ. ಇದಕ್ಕೆ ಕಾರಣ ಬೆಟ್ಟಗಳಲ್ಲಿದೆ. ಚೆಸಪೀಕ್ ಅಂಡ್ ಓಹಾಯೊ ದಾರಿಯ ಸುರಂಗಗಳು ಕಿರಿದಾಗಿದ್ದು, ಮುಂದಿನ ದೊಡ್ಡ ಸಿಲಿಂಡರುಗಳನ್ನು ಇನ್ನಷ್ಟು ಹಿಗ್ಗಿಸಲು ಅಲ್ಲಿ ಜಾಗವಿರಲಿಲ್ಲ. ಆದ್ದರಿಂದ ಕಂಪನಿ 1920ರ ದಶಕದ ಆರಂಭದಲ್ಲೇ ತನ್ನ 2-8-8-2 ಎಂಜಿನ್ನುಗಳಲ್ಲಿ ನಾಲ್ಕು ಸಮಾನ ಸಿಲಿಂಡರುಗಳ ಹಾದಿ ಹಿಡಿದಿತ್ತು. ಎರಡು ದಶಕದ ಆ ಅನುಭವವೇ ಇಲ್ಲಿ ಮುಂದುವರಿದಿದೆ. ಸಿಲಿಂಡರಿನ ವ್ಯಾಸ 22.5 ಅಂಗುಲ, ಪಿಸ್ಟನ್ನಿನ ಓಟ 33 ಅಂಗುಲ, ಉಗಿಯ ಒತ್ತಡ ಚದರ ಅಂಗುಲಕ್ಕೆ 260 ಪೌಂಡ್.

ನಿಂತಲ್ಲೇ ನಿಂತಿರುವ ಯಂತ್ರದಲ್ಲಿ ಕೀಲು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಊಹಿಸಿಕೊಳ್ಳುವುದು ಕಷ್ಟ ಎನಿಸಿದವರಿಗೆ ಅದೇ ಆವರಣದಲ್ಲಿ ಒಂದು ಉಪಾಯವಿದೆ. ವಸ್ತುಸಂಗ್ರಹಾಲಯದ ಪಕ್ಕದ ಗ್ರೀನ್‌ಫೀಲ್ಡ್ ವಿಲೇಜ್ ಎಂಬ ಬಯಲು ಪ್ರದರ್ಶನಕ್ಕೆ ಬೇರೆ ಟಿಕೆಟ್ ಬೇಕು. ಅಲ್ಲಿ ಸುತ್ತು ಹಳಿಯ ಮೇಲೆ ಉಗಿ ಗಾಡಿ ಓಡುತ್ತದೆ. ಅಲ್ಲಿನ ಎಂಜಿನ್ನುಗಳಲ್ಲಿ ಒಂದಾದ ಟಾರ್ಚ್ ಲೇಕ್ ಎಂಬುದನ್ನು ಮ್ಯಾಸಚೂಸೆಟ್ಸ್ ರಾಜ್ಯದ ಟಾಂಟನ್ ಊರಿನ ವಿಲಿಯಂ ಮೇಸನ್ ಕಾರ್ಖಾನೆ 1873ರಲ್ಲಿ ತಯಾರಿಸಿತು. ಮಿಶಿಗನ್ನಿನ ಉತ್ತರ ತುದಿಯ ತಾಮ್ರದ ಗಣಿಗಳಿಂದ ಅದಿರು ಸಾಗಿಸಲು ಬಳಕೆಯಾದ ಈ ಪುಟ್ಟ 0-6-4 ಎಂಜಿನ್ನಿನಲ್ಲೂ ಆರು ಚಾಲನಾ ಗಾಲಿಗಳ ತಂಡ ಬಾಯ್ಲರಿನ ಕೆಳಗೆ ತಾನೇ ತಿರುಗುತ್ತದೆ. ಅಂದರೆ ಇದೂ ಆರ್ಟಿಕ್ಯುಲೇಟೆಡ್ ಕುಲದ್ದೇ. ಅದೂ ಅಲ್ಲದೆ ಇದರ ಗಾಲಿ ಜೋಡಣೆಯೂ ತನ್ನ ಮಟ್ಟಿಗೆ ಅಪರೂಪದ್ದು. ಬಾಗುವ ಹಳಿಯ ಮೇಲೆ ಗಾಲಿಗಳು ಒಂದು ದಿಕ್ಕಿಗೆ, ಬಾಯ್ಲರು ಇನ್ನೊಂದು ದಿಕ್ಕಿಗೆ ಮುಖ ಮಾಡುವುದನ್ನು ಇಲ್ಲಿ ಕಣ್ಣಾರೆ ಕಾಣಬಹುದು. ಯಾವ ದಿನ ಯಾವ ಎಂಜಿನ್ ಗಾಡಿ ಎಳೆಯುತ್ತದೆ ಎಂಬುದು ಬದಲಾಗುತ್ತಿರುತ್ತದೆ. ಟಾರ್ಚ್ ಲೇಕ್ ಹಳಿಯ ಮೇಲೆ ಇಲ್ಲದಿದ್ದರೆ ಅಲ್ಲಿನ ರೌಂಡ್‌ಹೌಸ್ ಎಂಬ ಎಂಜಿನ್ ಮನೆಯ ಕಡೆ ಕಾಲು ಹಾಕಿ ವಿಚಾರಿಸುವುದು ಒಳ್ಳೆಯದು. ಮೊದಲು ಈ ಸಣ್ಣದನ್ನು ಕಂಡು ಆಮೇಲೆ ಒಳಗಿನ ದೊಡ್ಡದರ ಬಳಿಗೆ ಬಂದರೆ, ಅದೇ ತತ್ವ ಏಳು ದಶಕಗಳಲ್ಲಿ ಎಲ್ಲಿಗೆ ಬಂದು ಮುಟ್ಟಿತು ಎಂಬುದು ತಾನಾಗಿ ಅರ್ಥವಾಗುತ್ತದೆ. ಎರಡನ್ನೂ ಒಂದೇ ದಿನದಲ್ಲಿ ತೋರಿಸಬಲ್ಲ ಸ್ಥಳ ಎಂಬ ಒಂದೇ ಕಾರಣಕ್ಕೆ ನಾನು ಡಿಯರ್‌ಬಾರ್ನ್‌ಗೆ ಬಾಲ್ಟಿಮೋರಿಗಿಂತ ಒಂದಂಕ ಹೆಚ್ಚು ಕೊಡುತ್ತೇನೆ.

ಇನ್ನು ಕೊಂಡವರ ಲೆಕ್ಕ. ಆಲಿಗೇನಿಯ ಹೆಸರಿಗೆ ಅಂಟಿಕೊಂಡಿರುವ ಅಂಕಿ 7,498. ಇದು 1943ರಲ್ಲಿ ಅಳತೆಯ ಬೋಗಿಯನ್ನು ಹಿಂದೆ ಕಟ್ಟಿಕೊಂಡು ನಡೆಸಿದ ಪರೀಕ್ಷೆಯಲ್ಲಿ, ಗಂಟೆಗೆ ಸುಮಾರು 45 ಮೈಲಿ ವೇಗದಲ್ಲಿ, ಟೆಂಡರಿನ ಹಿಂದಿನ ಕೊಂಡಿಯಲ್ಲಿ ಸಿಕ್ಕ ಅತಿ ಹೆಚ್ಚಿನ ಅಶ್ವಶಕ್ತಿ. ಹೆಸರಿನಲ್ಲೂ ಜನಪ್ರಿಯತೆಯಲ್ಲೂ ಮುಂದಿರುವ ಯೂನಿಯನ್ ಪೆಸಿಫಿಕ್ಕಿನ 4-8-8-4 ಬಿಗ್ ಬಾಯ್ ಕೂಡ ಈ ಮಟ್ಟ ಮುಟ್ಟಲಿಲ್ಲ. ಇಷ್ಟು ಶಕ್ತಿಯ ಎಂಜಿನ್ನನ್ನು ಚೆಸಪೀಕ್ ಅಂಡ್ ಓಹಾಯೊ ಕಂಪನಿ ಹೆಚ್ಚಾಗಿ ದುಡಿಸಿಕೊಂಡದ್ದು ಪಶ್ಚಿಮ ವರ್ಜಿನಿಯದ ಹಿಂಟನ್ನಿನಿಂದ ವರ್ಜಿನಿಯದ ಕ್ಲಿಫ್ಟನ್ ಫೋರ್ಜಿನವರೆಗಿನ ಸುಮಾರು 80 ಮೈಲಿಯ ಬೆಟ್ಟದ ದಾರಿಯಲ್ಲಿ. ಪೂರ್ವಕ್ಕೆ ಹೋಗುವ ಕಲ್ಲಿದ್ದಲು ಗಾಡಿಗಳು ವೈಟ್ ಸಲ್ಫರ್ ಸ್ಪ್ರಿಂಗ್ಸ್ ಕಡೆಯಿಂದ ಆಲಿಗೇನಿ ಬೆಟ್ಟದ ನೆತ್ತಿಗೆ ನೂರಕ್ಕೆ 0.57ರ ಏರನ್ನು ಹತ್ತಬೇಕು. 140 ವ್ಯಾಗನ್ನುಗಳ, 11,500 ಟನ್ ತೂಕದ ಗಾಡಿಗೆ ಮುಂದೊಂದು ಆಲಿಗೇನಿ, ಹಿಂದೊಂದು ಆಲಿಗೇನಿ ಹಚ್ಚಿ, ಗಂಟೆಗೆ 15 ಮೈಲಿಯ ಆಸುಪಾಸಿನ ವೇಗದಲ್ಲಿ ಏರಿಸುತ್ತಿದ್ದರು.

ತಕರಾರು ಇರುವುದು ಇಲ್ಲಿಯೇ, ಮತ್ತು ಅದನ್ನು ಕಾಗದದ ಮೇಲೆ ಯಾರಾದರೂ ಹಾಕಿ ನೋಡಬಹುದು. ಎಳೆತದ ಬಲವನ್ನು ಪೌಂಡಿನಲ್ಲಿ, ವೇಗವನ್ನು ಗಂಟೆಗೆ ಮೈಲಿಯಲ್ಲಿ ಹಿಡಿದು ಗುಣಿಸಿ 375ರಿಂದ ಭಾಗಿಸಿದರೆ ಅಶ್ವಶಕ್ತಿ ಸಿಗುತ್ತದೆ. ಆಲಿಗೇನಿಯ ಗರಿಷ್ಠ ಎಳೆತ 1,10,200 ಪೌಂಡ್. ಅದು ಪೂರ್ತಿಯಾಗಿ ದೊರೆಯುತ್ತದೆ ಎಂದೇ ಇಟ್ಟುಕೊಂಡರೂ 15 ಮೈಲಿ ವೇಗದಲ್ಲಿ ಸುಮಾರು 4,400 ಅಶ್ವಶಕ್ತಿಗಿಂತ ಹೆಚ್ಚು ಬಳಕೆಗೆ ಬರುವುದು ಸಾಧ್ಯವೇ ಇಲ್ಲ. ಉಳಿದ 3,000 ಅಶ್ವಶಕ್ತಿಯಷ್ಟು ಉಗಿ ಮಾಡಬಲ್ಲ ಒಲೆ, ಆ ಒಲೆಯನ್ನು ಹೊರುವ ಮೂರನೆಯ ಅಚ್ಚು, ಆ ಎತ್ತರದ ಗಾಲಿ, ಇವೆಲ್ಲ ಬೆಟ್ಟ ಹತ್ತುವಾಗ ಸುಮ್ಮನೆ ಹೊತ್ತು ತಿರುಗುವ ಸಾಮಾನಾಗುತ್ತವೆ. ನಿಧಾನವಾಗಿ ಎಳೆಯುವುದೇ ಉದ್ದೇಶವಾಗಿದ್ದರೆ ಸಣ್ಣ ಗಾಲಿಯ, ಹದಿನಾರು ಚಾಲನಾ ಗಾಲಿಗಳ 2-8-8-2 ಇದಕ್ಕಿಂತ ಅಗ್ಗದಲ್ಲಿ ಅಷ್ಟೇ ಕೆಲಸ ಮಾಡುತ್ತಿತ್ತು.

ನೆರೆಯ ನಾರ್ಫೋಕ್ ಅಂಡ್ ವೆಸ್ಟರ್ನ್ ಕಂಪನಿ ಅದೇ ಬೆಟ್ಟಗಳಲ್ಲಿ, ಅದೇ ಕಲ್ಲಿದ್ದಲಿನ ವ್ಯಾಪಾರದಲ್ಲಿ ಇದ್ದುಕೊಂಡು ಬೇರೆ ರೀತಿ ಯೋಚಿಸಿತು. ಏರು ಹತ್ತಲು ಒಂದು ಬಗೆಯ 2-8-8-2, ಸಮತಟ್ಟಿನ ದಾರಿಯಲ್ಲಿ ವೇಗವಾಗಿ ಓಡಲು ಎ ವರ್ಗದ 2-6-6-4, ಹೀಗೆ ಎರಡು ಕೆಲಸಕ್ಕೆ ಎರಡು ಎಂಜಿನ್ನುಗಳನ್ನು ತನ್ನ ರೋನೋಕ್ ಕಾರ್ಖಾನೆಯಲ್ಲೇ ಕಟ್ಟಿಕೊಂಡಿತು. 1936ರಿಂದ ತಯಾರಾದ ಎ ವರ್ಗದ 43 ಎಂಜಿನ್ನುಗಳಿಗೆ 122 ಚದರ ಅಡಿಯ ಜಾಲರಿ, 70 ಅಂಗುಲದ ಚಾಲನಾ ಗಾಲಿ. ಆ ಒಲೆಯನ್ನು ಹೊರಲು ನಾಲ್ಕು ಗಾಲಿಗಳೇ ಸಾಕಾದವು. ಎಳೆತದಲ್ಲಿ ಆಲಿಗೇನಿಗೆ ಸರಿಸಮನಾಗಿ ನಿಲ್ಲುವ ಈ ಎಂಜಿನ್ ತೂಕದಲ್ಲಿ ಅದಕ್ಕಿಂತ ಬಹಳ ಹಗುರ. 135ರ ಬದಲು 122 ಚದರ ಅಡಿಗೆ ತೃಪ್ತಿಪಟ್ಟಿದ್ದರೆ ಚೆಸಪೀಕ್ ಅಂಡ್ ಓಹಾಯೊಗೆ ಮೂರನೆಯ ಅಚ್ಚಿನ ಗೊಡವೆಯೇ ಬೇಕಿರಲಿಲ್ಲ ಎಂದು ನನಗೆ ಅನೇಕ ಸಲ ಅನ್ನಿಸಿದೆ. ಹಾಗಾಗಿದ್ದರೆ ನಾವು ನೋಡಲು ಹೋಗುವ ವಸ್ತುವೂ ಇರುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಕಂಪನಿಯ ಪರವಾಗಿಯೂ ಹೇಳಬೇಕಾದದ್ದಿದೆ. ಆಲಿಗೇನಿಗಳು ಬೆಟ್ಟದ ಕೆಲಸಕ್ಕಷ್ಟೇ ಸೀಮಿತವಾಗಿರಲಿಲ್ಲ. ಕೆಂಟಕಿಯ ರಸೆಲ್ಲಿನಿಂದ ಓಹಾಯೊದ ಕೊಲಂಬಸ್ ಕಡೆಗಿನ ಸಮತಟ್ಟು ದಾರಿಯಲ್ಲಿ ಉದ್ದನೆಯ ಕಲ್ಲಿದ್ದಲು ಗಾಡಿಗಳನ್ನು ಒಂಟಿಯಾಗಿ ಎಳೆದವು. ಕೆಲವಕ್ಕೆ ಪ್ರಯಾಣಿಕರ ಬೋಗಿಗಳಿಗೆ ಬಿಸಿ ಉಗಿ ಹಾಯಿಸುವ ಕೊಳವೆಗಳನ್ನೂ ಜೋಡಿಸಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರ ಗಾಡಿಗಳಿಗೂ ಹಚ್ಚಿದರು. 1941ರ ಡಿಸೆಂಬರಿನಲ್ಲಿ, ಅಂದರೆ ಅಮೆರಿಕ ಯುದ್ಧಕ್ಕೆ ಇಳಿದ ತಿಂಗಳಲ್ಲೇ ಮೊದಲ ಎಂಜಿನ್ನುಗಳು ಕೈಸೇರಿದವು. ಆ ದಿನಗಳಲ್ಲಿ ಉಗಿಗೆ ಎಂದೂ ಕೊರತೆಯಾಗದ ಎಂಜಿನ್ನುಗಳು ತಮ್ಮಲ್ಲಿವೆ ಎಂಬುದು ಸಣ್ಣ ನೆಮ್ಮದಿಯಾಗಿರಲಾರದು. ಹೀಗಿದ್ದರೂ ಕೊನೆಯ ಕಂತನ್ನು 1948ರಲ್ಲಿ ತರಿಸಿಕೊಂಡದ್ದಕ್ಕೆ ಸಮರ್ಥನೆ ಹುಡುಕುವುದು ಕಷ್ಟ. ಡೀಸೆಲ್ ಆಗಲೇ ಬಾಗಿಲು ತಟ್ಟುತ್ತಿತ್ತು. 1956ರ ಹೊತ್ತಿಗೆ ಕಂಪನಿಯ ಉಗಿ ಯುಗವೇ ಮುಗಿದು, ಆ ಕೊನೆಯ ಎಂಜಿನ್ನುಗಳು ಎಂಟು ವರ್ಷವೂ ತುಂಬಿಸದೆ ಗುಜರಿಯ ಸಾಲಿಗೆ ಹೋದವು. ಮೂರು ನಾಲ್ಕು ದಶಕ ಬಾಳಬೇಕಾದ ಯಂತ್ರಕ್ಕೆ ಇದು ಅಕಾಲ ಮೃತ್ಯು.

ತೂಕದ ವಿಷಯವಂತೂ ಪ್ರತ್ಯೇಕವಾಗಿ ಹೇಳಬೇಕಾದದ್ದು. ಎಂಜಿನ್ನುಗಳು ಬಂದಾಗ ಒಂದರ ತೂಕ 7,24,500 ಪೌಂಡ್ ಎಂದು ಕಾಗದದಲ್ಲಿತ್ತು. ಆಮೇಲೆ ಸರಿಯಾಗಿ ತೂಗಿ ನೋಡಿದಾಗ ಟೆಂಡರ್ ಬಿಟ್ಟೇ 7,71,000 ಪೌಂಡಿಗೆ, ಎಂದರೆ ಸುಮಾರು 350 ಟನ್ನಿಗೆ ಮುಟ್ಟಿತ್ತು. ಬಿಗ್ ಬಾಯ್ ಎಂಜಿನ್ನಿನ ಮೊದಲ ಕಂತನ್ನು ತೂಕದಲ್ಲಿ ಮೀರಿಸಿದ ಸಂಗತಿ ಹೀಗೆ ತಡವಾಗಿ ಬೆಳಕಿಗೆ ಬಂತು. ಇದು ಹೆಗ್ಗಳಿಕೆಯಾಗಿ ಉಳಿಯಲಿಲ್ಲ. ಆಗಿನ ಪದ್ಧತಿಯಲ್ಲಿ ಚಾಲಕ ಮತ್ತು ಒಲೆ ನೋಡಿಕೊಳ್ಳುವ ಫೈರ್‌ಮನ್ ಇವರ ವೇತನ ಚಾಲನಾ ಗಾಲಿಗಳ ಮೇಲೆ ಬೀಳುವ ತೂಕಕ್ಕೆ ತಕ್ಕಂತೆ ನಿಗದಿಯಾಗುತ್ತಿತ್ತು. ತೂಕ ಹೆಚ್ಚಾದರೆ ಸಂಬಳವೂ ಹೆಚ್ಚಬೇಕು. ಹಾಗಾಗಿ ಕಾರ್ಮಿಕರ ಹಿಂಬಾಕಿಯ ಪ್ರಶ್ನೆ ಎದ್ದು, ಅದು ಕೊಂಡ ಕಂಪನಿ ಮತ್ತು ಕಟ್ಟಿಕೊಟ್ಟ ಕಾರ್ಖಾನೆಗಳ ನಡುವಿನ ಹಣದ ವ್ಯಾಜ್ಯವಾಗಿ ಬೆಳೆಯಿತು. ಎಂಜಿನ್ನಿನ ಮುಂದೆ ನಿಂತು ಎಷ್ಟು ದೊಡ್ಡದಪ್ಪಾ ಎಂದು ಬೆರಗಾಗುವವರು, ಆ ದೊಡ್ಡತನಕ್ಕೆ ಪೌಂಡಿನ ಲೆಕ್ಕದಲ್ಲಿ ಕೂಲಿ ಕೇಳಿದ ಜನರೂ ಇದ್ದರು ಎಂಬುದನ್ನು ನೆನೆದರೆ ನೋಟಕ್ಕೆ ಇನ್ನೊಂದು ಬಣ್ಣ ಬರುತ್ತದೆ.

ಆ ಜನ ಕೆಲಸ ಮಾಡುತ್ತಿದ್ದ ಕ್ಯಾಬಿಗೆ ಹತ್ತಲು ಇಲ್ಲಿ ಅವಕಾಶವಿದೆ. ಈ ಒಂದು ಸೌಲಭ್ಯ ಪ್ರದರ್ಶನದ ಬೆಲೆಯನ್ನು ಇಮ್ಮಡಿಸುತ್ತದೆ. ಒಳಗೆ ಎದುರಿಗೆ ನಿಲ್ಲುವುದು ಬಾಯ್ಲರಿನ ಹಿಂಗೋಡೆ. ಅದರ ತುಂಬ ಕೊಳವೆ, ಕವಾಟ, ಹಿಡಿ, ಮಾಪಕಗಳು ಒಂದರ ಪಕ್ಕ ಒಂದು ಜಾಗಕ್ಕಾಗಿ ಒತ್ತಿಕೊಂಡಿವೆ. ಬಲಗಡೆ ಚಾಲಕನ ಆಸನ, ಎಡಗಡೆ ಫೈರ್‌ಮನ್ನನ ಆಸನ, ನಡುವೆ ಕೆಳಗೆ ಒಲೆಯ ಬಾಗಿಲು. ಚಾಲಕನ ಜಾಗದಲ್ಲಿ ನಿಂತು ಕಿಟಕಿಯಿಂದ ಮುಂದೆ ನೋಡಿದರೆ ಕಾಣುವುದು ಬಾಯ್ಲರಿನ ಪಕ್ಕೆ, ಅಷ್ಟೇ. ಬಲಕ್ಕೆ ತಿರುಗುವ ದಾರಿಯಲ್ಲಿ ಎದುರಿನ ಹಳಿ ಸ್ವಲ್ಪವಾದರೂ ಕಾಣಬಹುದು. ಎಡಕ್ಕೆ ತಿರುಗುವಲ್ಲಿ ಫೈರ್‌ಮನ್ನನ ಕಣ್ಣೇ ಗತಿ. ಇಷ್ಟು ದೊಡ್ಡ ಒಲೆಗೆ ಮನುಷ್ಯ ಸಲಿಕೆಯಿಂದ ಕಲ್ಲಿದ್ದಲು ಎಸೆದು ಪೂರೈಸುವುದು ಆಗದ ಮಾತು. ಟೆಂಡರಿನಲ್ಲಿ ತುಂಬಿದ 25 ಟನ್ ಕಲ್ಲಿದ್ದಲನ್ನು ತಿರುಪಿನ ಆಕಾರದ ಸಾಗಣೆ ಯಂತ್ರವೊಂದು ಮುಂದಕ್ಕೆ ತಳ್ಳಿ ತರುತ್ತದೆ. ಒಲೆಯೊಳಗೆ ಅದನ್ನು ಉಗಿಯ ಚಿಮ್ಮುಗಳು ಮೂಲೆ ಮೂಲೆಗೂ ಎರಚುತ್ತವೆ. ಫೈರ್‌ಮನ್ನನ ಕೈಚಳಕ ಸಲಿಕೆಯಲ್ಲಿರಲಿಲ್ಲ, ಈ ಚಿಮ್ಮುಗಳ ಕವಾಟಗಳನ್ನು ಹದವಾಗಿ ತಿರುವಿ 135 ಚದರ ಅಡಿಯ ಬೆಂಕಿಯನ್ನು ಎಲ್ಲೂ ತೂತು ಬೀಳದಂತೆ, ಎಲ್ಲೂ ಗುಡ್ಡೆಯಾಗದಂತೆ ಹರಡಿಕೊಳ್ಳುವುದರಲ್ಲಿತ್ತು. ಕ್ಯಾಬಿನಲ್ಲಿ ನಿಂತವರು ಗಾಜಿನ ನೀರಿನ ಮಟ್ಟದ ಕೊಳವೆಗಳನ್ನೂ ಗಮನಿಸಬೇಕು. ಫೈರ್‌ಬಾಕ್ಸಿನ ಮೇಲ್ಛಾವಣಿಯ ಮೇಲೆ ನೀರು ತಪ್ಪಿದರೆ ಲೋಹ ಕಾದು ಮೆತ್ತಗಾಗಿ ಬಾಯ್ಲರು ಸಿಡಿಯುತ್ತದೆ. 25,000 ಗ್ಯಾಲನ್ ನೀರು ಹೊತ್ತ ಟೆಂಡರು ಬೆನ್ನ ಹಿಂದೆಯೇ ಇದ್ದರೂ ಈ ಗಾಜಿನ ಮೇಲಿಂದ ಕಣ್ಣು ಕೀಳುವಂತಿರಲಿಲ್ಲ.

ಪ್ರದರ್ಶನದ ಮಿತಿಗಳನ್ನು ಮುಚ್ಚಿಡಬೇಕಾಗಿಲ್ಲ. ಸುಮಾರು 125 ಅಡಿ ಉದ್ದದ ಯಂತ್ರವನ್ನು ಒಂದೇ ನೋಟಕ್ಕೆ ತಂದುಕೊಳ್ಳಬೇಕಾದರೆ ದೂರ ಸರಿಯಬೇಕು. ಸೂರಿನ ಕೆಳಗೆ, ಬೇರೆ ಪ್ರದರ್ಶನಗಳ ನಡುವೆ ಅಷ್ಟು ದೂರ ಸಿಗುವುದಿಲ್ಲ. ಪೂರ್ತಿ ಎಂಜಿನ್ನಿನ ಪಕ್ಕನೋಟದ ಫೋಟೋ ಬೇಕೆನ್ನುವವರು ಆ ಆಸೆ ಬಿಡುವುದು ಲೇಸು. ಆದರೆ ಸೂರಿನಿಂದಾಗಿ ಮಳೆ, ಹಿಮ, ತುಕ್ಕು ತಾಗದೆ 1956ರಿಂದಲೂ ಎಂಜಿನ್ ಸುಸ್ಥಿತಿಯಲ್ಲಿದೆ ಎಂಬುದನ್ನು ಮರೆಯಬಾರದು. ಅದೇ ಕುಲದ 1604 ರೋನೋಕ್ ಊರಿನಲ್ಲಿ ಬಯಲಿನಲ್ಲಿದ್ದಾಗ 1985ರ ಪ್ರವಾಹಕ್ಕೆ ಸಿಕ್ಕಿತ್ತು. ಆಮೇಲೆ ಬಾಲ್ಟಿಮೋರ್ ಸೇರಿತು. ಉಗಿ, ಹೊಗೆ, ಸದ್ದು ಯಾವುದೂ ಇಲ್ಲದ ಎಂಜಿನ್ ಮಕ್ಕಳಿಗೆ ಬೇಗ ಬೇಸರ ತರಿಸಬಹುದು. ಅವರಿಗೆ ಕ್ಯಾಬ್ ತೋರಿಸಿ, ಗ್ರೀನ್‌ಫೀಲ್ಡ್ ವಿಲೇಜಿನ ಗಾಡಿಯಲ್ಲಿ ಕೂರಿಸಿದರೆ ಸಮಾಧಾನವಾಗುತ್ತದೆ. ಚೆಸಪೀಕ್ ಅಂಡ್ ಓಹಾಯೊ ಕಂಪನಿಯ ಆರ್ಟಿಕ್ಯುಲೇಟೆಡ್ ಎಂಜಿನ್ನೊಂದು ಬೆಂಕಿ ಹೊತ್ತು ಓಡುವುದನ್ನೇ ನೋಡಬೇಕೆಂಬ ಹಟವಿದ್ದರೆ ಮೇರಿಲ್ಯಾಂಡಿನ ಕಂಬರ್ಲೆಂಡ್ ಊರಿಗೆ ಹೋಗಬೇಕು. 1949ರಲ್ಲಿ ಬಾಲ್ಡ್‌ವಿನ್ ಕಾರ್ಖಾನೆ ಕಟ್ಟಿದ 1309ನೆಯ ಸಂಖ್ಯೆಯ 2-6-6-2 ಎಂಜಿನ್ನನ್ನು ವೆಸ್ಟರ್ನ್ ಮೇರಿಲ್ಯಾಂಡ್ ಸೀನಿಕ್ ರೈಲ್ರೋಡ್ ದುರಸ್ತಿ ಮಾಡಿ 2021ರ ಡಿಸೆಂಬರಿನಿಂದ ಪ್ರವಾಸಿಗಳ ಗಾಡಿಗೆ ಹಚ್ಚಿದೆ. ಗಾತ್ರದಲ್ಲಿ ಅದು ಆಲಿಗೇನಿಯ ಹತ್ತಿರ ಸುಳಿಯದು. ಆದರೆ ಉಗಿಯನ್ನು ಎರಡು ಸಲ ದುಡಿಸುವ ಮ್ಯಾಲೆಯ ಮೂಲ ವ್ಯವಸ್ಥೆ ಅದರಲ್ಲಿದೆ. ಆಲಿಗೇನಿಯಂಥ ಎಂಜಿನ್ ಕೈಯಲ್ಲಿದ್ದಾಗಲೂ ಕಂಪನಿ ಗಣಿಗಳ ಕವಲು ದಾರಿಗಳಿಗೆ ಹಳೆಯ ಮಾದರಿಯ ಈ ಸಣ್ಣ ಎಂಜಿನ್ನನ್ನೇ ಮತ್ತೆ ತರಿಸಿತು.

ಅಂಕ ಕೊಡಲೇಬೇಕಾದರೆ ನೋಡುವ ವಸ್ತುವಾಗಿ 1601ಕ್ಕೆ ಐದರಲ್ಲಿ ಐದು, 1941ರ ಖರೀದಿಯಾಗಿ ಮೂರೂವರೆ, 1948ರ ಖರೀದಿಯಾಗಿ ಒಂದೂವರೆ ಕೊಡುತ್ತೇನೆ. ಹೋಗುವವರಿಗೆ ಕೆಲವು ಮಾತು. ವಸ್ತುಸಂಗ್ರಹಾಲಯ ವರ್ಷದ ಬಹುತೇಕ ದಿನ ತೆರೆದಿರುತ್ತದೆ. ಗ್ರೀನ್‌ಫೀಲ್ಡ್ ವಿಲೇಜ್ ಮಾತ್ರ ಚಳಿಗಾಲದ ತಿಂಗಳುಗಳಲ್ಲಿ ಮುಚ್ಚಿರುತ್ತದೆ. ಆದ್ದರಿಂದ ಎರಡೂ ಎಂಜಿನ್ನುಗಳನ್ನು ಒಟ್ಟಿಗೆ ನೋಡಬೇಕೆಂದಿದ್ದರೆ ಬೇಸಿಗೆಯನ್ನೇ ಆರಿಸಿಕೊಳ್ಳಿ. ಟಿಕೆಟ್ ದರ ಮತ್ತು ವಾಹನ ನಿಲುಗಡೆಯ ಶುಲ್ಕವನ್ನು ಹೊರಡುವ ಮೊದಲು ಅವರ ಜಾಲತಾಣದಲ್ಲಿ ನೋಡಿಕೊಳ್ಳುವುದು ಒಳಿತು. ಸಭಾಂಗಣ ಎಕರೆಗಟ್ಟಲೆ ಹರಡಿಕೊಂಡಿರುವುದರಿಂದ ಮಂಡಿ ನೋವಿರುವ ಹಿರಿಯರನ್ನು ಕರೆದೊಯ್ಯುವವರು ಒಳಗೆ ಹೋದೊಡನೆ ನೇರವಾಗಿ ಎಂಜಿನ್ನಿನ ಬಳಿಗೆ ನಡೆಯಿರಿ. ಬೆಳಿಗ್ಗೆ ಬಾಗಿಲು ತೆರೆದ ಹೊತ್ತಿನಲ್ಲಿ ಕ್ಯಾಬಿಗೆ ಹತ್ತುವವರ ಸಾಲು ಇರುವುದಿಲ್ಲ. ಕಾರು, ಬಸ್ಸು, ಕುರ್ಚಿಗಳನ್ನು ಆಮೇಲೆ ಬಿಡುವಾಗಿ ನೋಡಬಹುದು. ಹಿಂದಿನ ಆರು ಗಾಲಿಗಳ ಮೇಲೆ ಅಷ್ಟಾಗಿ ಬೆಳಕು ಬೀಳುವುದಿಲ್ಲವಾದ್ದರಿಂದ ಫೋನಿನ ಟಾರ್ಚ್ ಹಾಕಿಕೊಂಡೇ ಬಗ್ಗಿ ನೋಡಿ.